ಬಲೆ ಕೊಳ್ಳುವ ಮುಂಚೆ ಕಣ್ಣು ಅಳೆಯಿರಿ



ಬೀಳಗಿಯ ಆಲಮಟ್ಟಿ ಹಿನ್ನೀರು, ಜಮಖಂಡಿ, ರಬಕವಿ-ಬನಹಟ್ಟಿ ಭಾಗದ ಕೃಷ್ಣಾ, ಮುಧೋಳದ ಘಟಪ್ರಭಾ ಹೊಳೆಯಲ್ಲಿ ಮೀನು ಹಿಡಿಯುವ ಮನೆಗಳಿಗೆ ಸಂಘದ ಸಾಲದಿಂದ ಬಲೆ ಕೊಡಿಸುವಾಗ ದರ ಅಷ್ಟ ನೋಡಬ್ಯಾಡ್ರಿ, ಬಲೆಯ ಕಣ್ಣೂ ನೋಡ್ರಿ.

ಒಂದು ಕಣ್ಣನ್ನು ಉದ್ದಕ್ಕೆ ಜಗ್ಗಿ, ಎದುರುಬದುರಿನ ಎರಡು ಗಂಟುಗಳ ನಡುವೆ ಅಳೆಯಬೇಕು. ಕಿಲೋ ತೂಗುವ ಕಟ್ಲಾಕ್ಕೆ ಸುಮಾರು 4 ಇಂಚಿನ ಕಣ್ಣು ಬೇಕು. ಸಣ್ಣ ಕಣ್ಣಿಗೆ ಮರಿಗಳೇ ಬೀಳುತ್ತವೆ. ಮರಿಗೆ ಸಂತೆಯಲ್ಲಿ ದರ ಇಲ್ಲ.

ಕಟ್ಲಾ ಮೊಟ್ಟೆಗೆ ಬರಲು ಸುಮಾರು 2 ವರ್ಷ ಬೇಕು, ಮೊಟ್ಟೆ ಇಡುವುದು ಮಳೆಗಾಲದಲ್ಲಿ. ಅದಕ್ಕೂ ಮೊದಲೇ ಹಿಡಿದರೆ ಹೊಳೆಯಲ್ಲಿ ತಳಿ ಉಳಿಯದು, ಸಾಲದ ಕಂತೂ ತುಂಬದು. ಗಾಳಕ್ಕೂ ಸಣ್ಣ ಕೊಕ್ಕೆ ಬ್ಯಾಡ.

ಇನ್ನು ಮುಂದೆ ಸಾಲದ ಅರ್ಜಿಯಲ್ಲಿ ಬಲೆಯ ದರದ ಜೊತೆ ಕಣ್ಣಿನ ಅಳತೆಯನ್ನೂ ಬರೆಸೋಣ.