ಲೇಡೀಸ್ ಡಬ್ಬದ ಆಟಗಾರ್ತಿಯರು

ವಿಡಿಯೊ ಗೇಮ್ ಆಡುವವರಿಗೆಲ್ಲ ‘ಗೇಮರ್’ ಎಂಬ ಹೆಸರು ಸಿಗುವುದಿಲ್ಲ. ಮುಂಬೈಯ ಲೋಕಲ್ ರೈಲಿನಲ್ಲಿ ಮೊಬೈಲನ್ನು ಅಡ್ಡ ಹಿಡಿದು, ಗುಂಡು ಹಾರಿಸುವ ಆಟದಲ್ಲಿ ಮುಳುಗಿದ ಕಾಲೇಜು ಹುಡುಗನನ್ನು ಪಕ್ಕದವರು ಗೇಮರ್ ಎನ್ನುತ್ತಾರೆ. ಅದೇ ರೈಲಿನ ಲೇಡೀಸ್ ಡಬ್ಬದಲ್ಲಿ ಬಣ್ಣದ ಮಿಠಾಯಿಗಳನ್ನು ಸಾಲುಗೂಡಿಸುತ್ತ ಕೂತ ಹೆಂಗಸು ಮಾಡುತ್ತಿರುವುದು ‘ಟೈಮ್‌ಪಾಸ್’. ಇಬ್ಬರೂ ದಿನಕ್ಕೆ ಒಂದೊಂದು ಗಂಟೆ ಆಡುತ್ತಿರಬಹುದು, ಇಬ್ಬರೂ ಒಂದೇ ಆಟವನ್ನು ವರ್ಷಗಟ್ಟಲೆ ಬಿಡದೆ ಹಿಡಿದಿರಬಹುದು. ಆದರೂ ಆಕೆಯನ್ನೇ ಕೇಳಿದರೆ, ‘ಗೇಮರ್ ಅಂತೆಲ್ಲ ಏನಿಲ್ಲಪ್ಪ, ಸುಮ್ನೆ ಆಡ್ತೀನಿ’ ಎಂಬ ಉತ್ತರ ಬರುವುದೇ ಹೆಚ್ಚು.

ಇದು ಮುಂಬೈಯೊಂದರ ಮಾತಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2015ರಲ್ಲಿ ವಯಸ್ಕರನ್ನು ಮಾತಾಡಿಸಿದಾಗ, ವಿಡಿಯೊ ಗೇಮ್ ಆಡುತ್ತೇವೆ ಎಂದ ಗಂಡಸರು ಶೇ 50, ಹೆಂಗಸರು ಶೇ 48. ಹೆಚ್ಚುಕಡಿಮೆ ಸಮಸಮ. ಆದರೆ ‘ನಾನು ಗೇಮರ್’ ಎಂದು ಹೇಳಿಕೊಂಡ ಗಂಡಸರು ಶೇ 15, ಹೆಂಗಸರು ಬರೀ ಶೇ 6. ಭಾರತದ ಆಟಗಳ ಮಾರುಕಟ್ಟೆಯನ್ನು ವರ್ಷವರ್ಷವೂ ಅಳೆಯುವ ಲುಮಿಕಾಯ್ ಸಂಸ್ಥೆಯ 2022ರ ವರದಿಯ ಪ್ರಕಾರ ಇಲ್ಲಿ ಆಡುವ ಹತ್ತು ಜನರಲ್ಲಿ ನಾಲ್ವರು ಹೆಂಗಸರು. ಆಡುವುದರಲ್ಲಿ ಇರುವ ಅಂತರ ಸಣ್ಣದು, ಹೆಸರು ಹಚ್ಚಿಕೊಳ್ಳುವುದರಲ್ಲಿ ಇರುವ ಅಂತರ ದೊಡ್ಡದು. ಈ ಎರಡನೆಯ ಅಂತರ ಎಲ್ಲಿಂದ ಬಂತು ಎಂದು ನೋಡಲು ಆಟಗಳು ಹುಟ್ಟಿದ ಕಾಲಕ್ಕೇ ಹೋಗಬೇಕು.

ಆರಂಭದಲ್ಲಿ ಈ ಗೋಡೆ ಇಷ್ಟು ಎತ್ತರವಿರಲಿಲ್ಲ. ಜಪಾನಿನ ತೊರು ಇವಾತಾನಿ 1980ರಲ್ಲಿ ‘ಪ್ಯಾಕ್‌ಮ್ಯಾನ್’ ರೂಪಿಸಿದ್ದೇ ಹೆಂಗಸರೂ ಆಟದ ಅಂಗಡಿಗೆ ಬರಲಿ ಎಂದು. ಆಗಿನ ಆಟಗಳಲ್ಲೆಲ್ಲ ಬಾಹ್ಯಾಕಾಶದ ಯುದ್ಧವೇ ತುಂಬಿತ್ತು, ಅವರು ತಿನ್ನುವ ಆಟವನ್ನು ತಂದರು. ಅದೇ ವರ್ಷ ಅಮೆರಿಕದ ರಾಬರ್ಟಾ ವಿಲಿಯಮ್ಸ್ ‘ಮಿಸ್ಟರಿ ಹೌಸ್’ ಕಟ್ಟಿ, ಕಥೆ ಹೇಳುವ ಕಂಪ್ಯೂಟರ್ ಆಟಕ್ಕೆ ಚಿತ್ರವನ್ನು ಜೋಡಿಸಿದರು. 1981ರ ‘ಸೆಂಟಿಪೀಡ್’ ರೂಪಿಸಿದವರಲ್ಲಿ ಡೋನಾ ಬೇಲಿ ಒಬ್ಬರು. 1982ರ ‘ರಿವರ್ ರೇಡ್’ ಕ್ಯಾರಲ್ ಶಾ ಅವರ ಕೈಕೆಲಸ. ನದಿಯ ಮೇಲೆ ಹಾರುತ್ತ, ಇಂಧನ ತುಂಬಿಸಿಕೊಳ್ಳುತ್ತ ಸಾಗುವ ಆ ಪುಟ್ಟ ವಿಮಾನವನ್ನು ಅಟಾರಿ ಆಟದ ಯಂತ್ರ ಇದ್ದ ಮನೆಗಳ ಗಂಡುಮಕ್ಕಳೆಲ್ಲ ಓಡಿಸಿದ್ದಾರೆ; ಅದನ್ನು ಮಾಡಿದವರು ಹೆಂಗಸು ಎಂದು ಗೊತ್ತಿದ್ದವರು ಕಡಿಮೆ.

1983ರಲ್ಲಿ ಅಮೆರಿಕದ ಆಟಗಳ ಮಾರುಕಟ್ಟೆ ಕುಸಿದುಬಿತ್ತು. ಮತ್ತೆ ಎದ್ದಾಗ ಅದು ಸೇರಿದ್ದು ಆಟಿಕೆ ಅಂಗಡಿಯನ್ನು. ಆಟಿಕೆ ಅಂಗಡಿಯಲ್ಲಿ ಹುಡುಗರ ಸಾಲು ಬೇರೆ, ಹುಡುಗಿಯರ ಸಾಲು ಬೇರೆ. ವಿಡಿಯೊ ಗೇಮ್ ಹುಡುಗರ ಸಾಲಿಗೆ ಹೋಯಿತು. ಜಾಹೀರಾತಿನಲ್ಲಿ ಹುಡುಗರೇ ಕಾಣಿಸಿಕೊಂಡರು, 1989ರಲ್ಲಿ ಬಂದ ಪುಟ್ಟ ಯಂತ್ರದ ಹೆಸರೇ ‘ಗೇಮ್ ಬಾಯ್’. ಅಂಗಡಿಯವರ ಅನುಕೂಲಕ್ಕೆ ಆದ ಈ ವಿಂಗಡಣೆ ಒಂದು ತಲೆಮಾರು ಕಳೆಯುವಷ್ಟರಲ್ಲಿ ಪ್ರಕೃತಿಯ ನಿಯಮದಂತೆ ತೋರತೊಡಗಿತು.

ಮುಂಬೈಗೆ ಆ ಆಟಗಳು ಹೆಚ್ಚಾಗಿ ನಕಲು ಯಂತ್ರಗಳ ರೂಪದಲ್ಲಿ ಬಂದವು. 1990ರ ದಶಕದಲ್ಲಿ ಗ್ರಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಟಿವಿಗೆ ಸಿಕ್ಕಿಸುವ ಪೆಟ್ಟಿಗೆ ಮತ್ತು ಅದಕ್ಕೆ ತುರುಕುವ ‘ಕ್ಯಾಸೆಟ್’ ಸಿಗುತ್ತಿತ್ತು. ಮಾರಿಯೊ, ಕಾಂಟ್ರಾ, ಬಾತುಕೋಳಿ ಹೊಡೆಯುವ ಪಿಸ್ತೂಲು, ಎಲ್ಲವೂ ಅದರಲ್ಲೇ. ಕೊಳ್ಳಲಾಗದವರಿಗೆ ಗಲ್ಲಿಯ ವಿಡಿಯೊ ಗೇಮ್ ಪಾರ್ಲರ್ ಇತ್ತು. ಪಾರ್ಲರಿನಲ್ಲಿ ಹುಡುಗಿಯರು ನಿಲ್ಲುವ ಹಾಗಿರಲಿಲ್ಲ. ಮನೆಯಲ್ಲಿಯಾದರೂ ಒಂದೇ ಖೋಲಿ, ಒಂದೇ ಟಿವಿ. ಟಿವಿ ಖಾಲಿ ಇದ್ದ ಹೊತ್ತಿಗೆ ಹುಡುಗಿಗೆ ಅಡುಗೆಮನೆಯ ಕೆಲಸ ಇರುತ್ತಿತ್ತು. ಅಣ್ಣ ಸತ್ತಾಗ, ಅಂದರೆ ಆಟದಲ್ಲಿ ಅವನ ‘ಲೈಫ್’ ಮುಗಿದಾಗ, ಸಿಕ್ಕ ಎರಡು ನಿಮಿಷವೇ ತಂಗಿಯ ಪಾಲು. ಅಷ್ಟರಲ್ಲೇ ಕಲಿತವರೂ ಇದ್ದರು.

ಈ ಲೆಕ್ಕವನ್ನು ಬದಲಿಸಿದ್ದು ಮೊಬೈಲ್. ಟಿವಿ ಮನೆಯವರೆಲ್ಲರದು, ಮೊಬೈಲ್ ಒಬ್ಬಳದೇ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲಂತೂ ಆಟ ಇಳಿಸಿಕೊಳ್ಳಲು ಯಾರನ್ನೂ ಕೇಳಬೇಕಾಗಲಿಲ್ಲ. ಹಾಗೆಂದು ಎಲ್ಲರ ಕೈಯಲ್ಲೂ ಮೊಬೈಲ್ ಇದೆ ಎಂದಲ್ಲ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ತಾವೇ ಬಳಸುವ ಸ್ವಂತ ಮೊಬೈಲ್ ಇದೆ ಎಂದ ಮಹಿಳೆಯರು ದೇಶದಲ್ಲಿ ಶೇ 54 ಮಾತ್ರ.

ಮುಂಬೈಯಲ್ಲಿ ಆ ಮೊಬೈಲ್ ಹೊರಗೆ ಬರುವ ಜಾಗ ಲೋಕಲ್ ರೈಲು. ಚರ್ಚ್‌ಗೇಟ್ ಮತ್ತು ಬೊರಿವಲಿ ನಡುವೆ ಮಹಿಳೆಯರಿಗೆಂದೇ ಪೂರ್ತಿ ರೈಲು, ‘ಲೇಡೀಸ್ ಸ್ಪೆಷಲ್’, 1992ರ ಮೇ 5ರಂದು ಓಡತೊಡಗಿತು. ಉಳಿದ ರೈಲುಗಳಲ್ಲಿ ಲೇಡೀಸ್ ಡಬ್ಬಗಳಿವೆ. ಹೂ ಕಟ್ಟುವುದು, ಸೊಪ್ಪು ಬಿಡಿಸುವುದು, ಭಜನೆ, ಹರಟೆ, ನಿದ್ದೆ ಎಲ್ಲಕ್ಕೂ ಅಲ್ಲಿ ಜಾಗವಿದೆ. ಮನೆಗೂ ಕಚೇರಿಗೂ ಸೇರದ, ಯಾರೂ ಕೆಲಸ ಹೇಳದ ಒಂದು ಗಂಟೆ ಎಷ್ಟೋ ಹೆಂಗಸರಿಗೆ ದಿನದಲ್ಲಿ ಸಿಗುವುದು ಅಲ್ಲಿಯೇ. ಮೂವರು ಕೂರುವ ಸೀಟಿನ ಅಂಚಿಗೆ ನಾಲ್ಕನೆಯವಳಾಗಿ ಅರ್ಧ ಕೂತು ಪ್ರಯಾಣಿಸುವುದಕ್ಕೆ ‘ಫೋರ್ತ್ ಸೀಟ್’ ಎನ್ನುತ್ತಾರೆ. ಫೋರ್ತ್ ಸೀಟಿನಲ್ಲಿ ಕೂತವಳ ತೊಡೆಯ ಮೇಲೆ ಚೀಲ, ಒಂದು ಕೈ ಚೀಲದ ಮೇಲೆ, ಇನ್ನೊಂದರಲ್ಲಿ ನೆಟ್ಟಗೆ ಹಿಡಿದ ಮೊಬೈಲ್. ಆಡಲು ಉಳಿದಿರುವುದು ಒಂದು ಹೆಬ್ಬೆರಳು. ಸ್ಟೇಷನ್ ಬಂದ ಕೂಡಲೇ ನಿಲ್ಲಿಸಬೇಕು, ಮತ್ತೆ ಅಲ್ಲಿಂದಲೇ ಹಿಡಿಯಬೇಕು, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯಬೇಕು. ಇಷ್ಟು ಷರತ್ತುಗಳಿಗೆ ಒಗ್ಗುವುದು ಮಿಠಾಯಿ ಜೋಡಿಸುವ, ಬಣ್ಣ ವಿಂಗಡಿಸುವ, ಪದ ಹುಡುಕುವ ಆಟಗಳೇ. ಹೆಂಗಸರ ಅಭಿರುಚಿಯೇ ಅಂಥದು ಎಂದು ತೀರ್ಮಾನಿಸುವವರು ಈ ಸೀಟನ್ನು ಲೆಕ್ಕಕ್ಕೆ ಹಿಡಿಯಬೇಕು.

ಅಂಥ ಆಟಗಳಲ್ಲಿ ಬಹಳ ಹೆಸರಾದದ್ದು 2012ರಲ್ಲಿ ಬಂದ ‘ಕ್ಯಾಂಡಿ ಕ್ರಶ್ ಸಾಗಾ’. ಮೂರು ಒಂದೇ ಬಣ್ಣದವು ಸಾಲಾದರೆ ಮಾಯವಾಗುತ್ತವೆ. ನಾಲ್ಕು ಸಾಲಾದರೆ ಪಟ್ಟೆಯ ಮಿಠಾಯಿ ಹುಟ್ಟುತ್ತದೆ, ಅದು ಒಡೆದಾಗ ಒಂದು ಸಾಲನ್ನೇ ಗುಡಿಸಿಹಾಕುತ್ತದೆ. ಐದು ಸಾಲಾದರೆ ಒಂದು ಬಣ್ಣವನ್ನೇ ಹಲಗೆಯಿಂದ ಅಳಿಸುವ ಗುಂಡು. ನಡೆಗಳು ಎಣಿಕೆಯವು, ಸೋತರೆ ಒಂದು ಜೀವ ಹೋಗುತ್ತದೆ. ಇರುವುದು ಐದು ಜೀವ, ಕಳೆದುಕೊಂಡ ಒಂದು ಮರಳಲು ಅರ್ಧ ಗಂಟೆ. ಪಳಗಿದ ಆಟಗಾರ್ತಿ ಕಣ್ಣಿಗೆ ಬಿದ್ದ ಮೊದಲ ಮೂರನ್ನು ಮುಟ್ಟುವುದಿಲ್ಲ. ಅದನ್ನು ಹಾಗೇ ಬಿಟ್ಟು, ಕೆಳಗೆ ಒಂದು ಸರಿಸಿದರೆ ಮೇಲಿನಿಂದ ಏನು ಇಳಿದೀತು ಎಂದು ಎರಡು ಮೂರು ಹೆಜ್ಜೆ ಮುಂದೆ ನೋಡುತ್ತಾಳೆ. ಇದನ್ನು ಬುದ್ಧಿ ಬೇಡದ ಆಟ ಎನ್ನುವುದು ಸರಿಯಲ್ಲ. ಆಸ್ಟ್ರೇಲಿಯಾದ ಕಂಪ್ಯೂಟರ್ ವಿಜ್ಞಾನಿ ಟೋಬಿ ವಾಲ್ಶ್ 2014ರಲ್ಲಿ ಈ ಆಟವನ್ನು ಗಣಿತದ ದೃಷ್ಟಿಯಿಂದ ಪರೀಕ್ಷಿಸಿ, ಹಲಗೆ ದೊಡ್ಡದಾದಂತೆ ಸರಿಯಾದ ನಡೆಗಳನ್ನು ಬೇಗ ಹುಡುಕುವ ಉಪಾಯ ಕಂಪ್ಯೂಟರಿಗೂ ತಿಳಿದಿರದ ಕಠಿಣ ಸಮಸ್ಯೆಗಳ ಗುಂಪಿಗೆ ಇದು ಸೇರುತ್ತದೆ ಎಂದು ತೋರಿಸಿದರು. 2016ರಲ್ಲಿ ಈ ಆಟದ ಕಂಪನಿಯನ್ನು ಆ್ಯಕ್ಟಿವಿಷನ್ ಕೊಂಡದ್ದು ಸುಮಾರು 590 ಕೋಟಿ ಡಾಲರಿಗೆ. ಯುದ್ಧದ ಆಟಗಳಿಂದ ಹೆಸರಾದ ಕಂಪನಿಯೇ ಇಷ್ಟು ಹಣ ಸುರಿದಿರುವಾಗ, ಈ ಆಟವನ್ನು ಆಡುವವರನ್ನು ಆಟಗಾರರ ಪಟ್ಟಿಯಿಂದ ಹೊರಗಿಡಲು ಯಾವ ಆಧಾರವೂ ಕಾಣುವುದಿಲ್ಲ.

ಮುಂಬೈ ಪರಿಸರದಿಂದಲೇ ಹೊರಟ ಆಟವೂ ಒಂದಿದೆ. ನವಿ ಮುಂಬೈಯ ಗೇಮ್ಷನ್ ಕಂಪನಿ 2016ರಲ್ಲಿ ತಂದ ‘ಲೂಡೊ ಕಿಂಗ್’ 2020ರ ಲಾಕ್‌ಡೌನಿನಲ್ಲಿ ಮನೆಮನೆಯ ಆಟವಾಯಿತು. ಆಟದ ಕೋಣೆಯ ಗುಟ್ಟಿನ ಸಂಖ್ಯೆಯನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಸಾಕು, ಥಾಣೆಯ ಸೊಸೆ, ಉಡುಪಿಯ ಅತ್ತೆ, ದುಬೈಯ ನಾದಿನಿ ಒಂದೇ ಹಲಗೆಗೆ ಕೂರಬಹುದು. ಪಗಡೆ, ಚೌಕಾಬಾರಾ ಆಡಿ ಬೆಳೆದ ಅಜ್ಜಿಯಂದಿರಿಗೆ ಇದನ್ನು ಕಲಿಸಬೇಕಾಗಲಿಲ್ಲ.

ಮುಂಬೈಯ ಕನ್ನಡಿಗರಲ್ಲಿ ದೊಡ್ಡ ಪಾಲು ತುಳುನಾಡಿನಿಂದ ಬಂದವರು, ಅವರ ಮನೆಗಳಲ್ಲಿ ಚೆನ್ನೆಮಣೆಯ ನೆನಪು ಇನ್ನೂ ಇದೆ. ಬದಿಗೆ ಏಳರಂತೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಳು. ಮಳೆ ಕಟ್ಟಿಹಾಕುವ ಆಟಿ ತಿಂಗಳಲ್ಲಿ ಹೆಂಗಸರು ಅದರ ಮುಂದೆ ಕೂತರೆ ಎಣಿಕೆ ತಪ್ಪುತ್ತಿರಲಿಲ್ಲ. ತುಳುವಿನ ಕಥನಗೀತೆಯಾದ ಸಿರಿಯ ಪಾಡ್ದನದಲ್ಲಿ ಅಬ್ಬಗ–ದಾರಗ ಎಂಬ ಅಕ್ಕತಂಗಿಯರು ಚೆನ್ನೆ ಆಡುತ್ತ ಜಗಳವಾಡಿ ಇಬ್ಬರೂ ಪ್ರಾಣ ಕಳೆದುಕೊಳ್ಳುತ್ತಾರೆ. ಆಟಕ್ಕೆ ಕೂತ ಹೆಣ್ಣು ಗೆಲ್ಲಲೆಂದೇ ಕೂತಿರುತ್ತಾಳೆ ಎಂಬುದನ್ನು ಆ ಕಥೆ ಕಟ್ಟಿದವರು ಚೆನ್ನಾಗಿ ಬಲ್ಲವರಾಗಿದ್ದರು. ಹೆಂಗಸರಿಗೆ ಆಟದ ಗೀಳು ಮೊಬೈಲಿನಿಂದ ಬಂದದ್ದಲ್ಲ.

ಗುಂಡು ಹಾರಿಸುವ ಆಟಗಳಿಗೆ ಹೋದ ಹುಡುಗಿಯರ ಕಷ್ಟ ಬೇರೆ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರಿನಲ್ಲಿ ನಿಷೇಧವಾಗಿ, 2021ರಲ್ಲಿ ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು. ಅದರಲ್ಲಿ ನಾಲ್ವರ ತಂಡ, ಕಣದಲ್ಲಿ ನೂರು ಜನ. ಶತ್ರು ಕಂಡ ಕೂಡಲೇ ಪರದೆಯ ಮೇಲಿನ ದಿಕ್ಸೂಚಿಯ ಅಂಕಿಯನ್ನು ಕೂಗಿ ಜೊತೆಯವರಿಗೆ ತಿಳಿಸಬೇಕು. ಅದಕ್ಕೆ ಮೈಕ್ ಬೇಕು. ಹುಡುಗಿಯ ದನಿ ಕೇಳಿದರೆ ಸಾಕು, ಅಪರಿಚಿತರ ತಂಡದಲ್ಲಿ ಆಟ ನಿಂತು ಬೇರೆ ಮಾತು ಶುರುವಾಗುತ್ತದೆ: ನಂಬರ್ ಕೇಳುವುದು, ಅಣಕಿಸುವುದು, ಬೈಯುವುದು. ‘ಹ್ಯಾಲೊ 3’ ಆಟದಲ್ಲಿ ಮೊದಲೇ ರೆಕಾರ್ಡ್ ಮಾಡಿದ ದನಿಗಳನ್ನು ಬಳಸಿ ನಡೆಸಿದ ಅಮೆರಿಕದ ಅಧ್ಯಯನವೊಂದರಲ್ಲಿ, ಹೆಣ್ಣುದನಿಗೆ ಗಂಡುದನಿಗಿಂತ ಮೂರು ಪಟ್ಟು ಹೆಚ್ಚು ಕೆಟ್ಟ ಮಾತು ಬಿತ್ತು. 2015ರ ಇನ್ನೊಂದು ಅಧ್ಯಯನ ಆ ಮಾತುಗಳು ಯಾರವು ಎಂದು ನೋಡಿತು. ಹೆಂಗಸಿನ ಮೇಲೆ ಹೆಚ್ಚು ಹರಿಹಾಯ್ದವರು ಆಟದಲ್ಲಿ ಹಿಂದೆ ಬಿದ್ದ ಗಂಡಸರು.

ಹೀಗಾಗಿ ಅನೇಕರು ಗಂಡು ಹೆಸರಿಟ್ಟುಕೊಂಡು, ಮೈಕ್ ಮುಚ್ಚಿ ಆಡುತ್ತಾರೆ. ಮೈಕ್ ಮುಚ್ಚಿದರೆ ಸುದ್ದಿ ಕೊಡಲಾಗುವುದಿಲ್ಲ, ತಂಡಕ್ಕೆ ಅವಳಿಂದ ಆಗುವ ಉಪಯೋಗ ಅರ್ಧವಾಗುತ್ತದೆ, ಆಮೇಲೆ ‘ಹುಡುಗಿಯರಿಗೆ ಈ ಆಟ ಬರೋದಿಲ್ಲ’ ಎಂಬ ಮಾತು ಹುಟ್ಟುತ್ತದೆ. ಮುಂಬೈಯ ಮನೆಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಸ್ಪರ್ಧೆಯ ತಂಡಗಳ ಅಭ್ಯಾಸ ನಡೆಯುವುದು ಹೆಚ್ಚಾಗಿ ರಾತ್ರಿ. ಗೋಡೆಗೆ ಗೋಡೆ ತಾಗಿದ ಚಾಳಿನಲ್ಲಿ, ಎಲ್ಲರೂ ಮಲಗಿದ ಒಂದೇ ಕೋಣೆಯಲ್ಲಿ ದನಿ ಎತ್ತುವಂತಿಲ್ಲ. ಗೇಮಿಂಗ್ ಕೆಫೆಗೆ ಹೋದ ತಮ್ಮ ಕೊನೆಯ ಲೋಕಲ್ ಹಿಡಿದು ಬಂದರೂ ನಡೆಯುತ್ತದೆ, ಅಕ್ಕನಿಗೆ ಒಂಬತ್ತಕ್ಕೇ ಫೋನ್ ಬರುತ್ತದೆ.

ಇಷ್ಟರ ನಡುವೆಯೂ ಮೇಲೆ ಬಂದವರಿದ್ದಾರೆ. ಮಧ್ಯಪ್ರದೇಶದ ಛಿಂದ್‌ವಾಡಾ ಜಿಲ್ಲೆಯ ಪಾಯಲ್ ಧಾರೆ, ಮುಂಬೈ ಮೂಲದ ಎಸ್8ಯುಎಲ್ ತಂಡ ಸೇರಿ ‘ಪಾಯಲ್ ಗೇಮಿಂಗ್’ ಎಂಬ ಹೆಸರಿನಿಂದ ಲಕ್ಷಾಂತರ ನೋಡುಗರನ್ನು ಗಳಿಸಿದರು. 2024ರ ಏಪ್ರಿಲಿನಲ್ಲಿ ಪ್ರಧಾನಿ ನರೇಂದ್ರ ಮೋದಿ ಏಳು ಗೇಮರುಗಳನ್ನು ಭೇಟಿಯಾದಾಗ ಅವರಲ್ಲಿದ್ದ ಒಬ್ಬಳೇ ಹೆಣ್ಣು ಪಾಯಲ್. ಆದರೆ ಇ–ಸ್ಪೋರ್ಟ್ಸಿಗೆ, ಅಂದರೆ ಸ್ಪರ್ಧೆಯ ವಿಡಿಯೊ ಗೇಮುಗಳಿಗೆ, ಮೊದಲ ಬಾರಿ ಪದಕ ನಿಗದಿಯಾದ, 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟಕ್ಕೆ ಭಾರತ ಕಳಿಸಿದ ಆಟಗಾರರೆಲ್ಲ ಗಂಡಸರು. ಬೆರಳು ಮತ್ತು ಕಣ್ಣಿನ ಆಟದಲ್ಲಿ ಮೈಬಲದ ನೆಪ ಹೇಳಲಾಗದು. ಅಭ್ಯಾಸಕ್ಕೆ ಸಿಗುವ ಹೊತ್ತು, ಕಲಿಸುವ ಜೊತೆ, ಬಾಯಿ ಬಿಡಲು ಧೈರ್ಯ, ಇವುಗಳ ಕೊರತೆಯೇ ಅಲ್ಲಿ ಕಾಣುವುದು.

ಆ ಕೊರತೆ ತುಂಬಲೆಂದು ‘ವ್ಯಾಲರೆಂಟ್’ ಆಟದ ಒಡೆಯರಾದ ರಯಟ್ ಕಂಪನಿ 2021ರಲ್ಲಿ ಮುಖ್ಯವಾಗಿ ಹೆಂಗಸರಿಗೆಂದು ‘ಗೇಮ್ ಚೇಂಜರ್ಸ್’ ಎಂಬ ಬೇರೆ ಪಂದ್ಯಾವಳಿ ತೆರೆಯಿತು. ಪ್ರತ್ಯೇಕ ಪಂದ್ಯ ಎಂದರೆ ಕೆಳಗಿನ ದರ್ಜೆ ಎಂದು ಆಕ್ಷೇಪಿಸುವವರು ಇದ್ದಾರೆ. ಮುಂಬೈಯವರಿಗೆ ಇದರ ಉತ್ತರ ದಿನಾ ಕಣ್ಣೆದುರಿಗಿದೆ: ಲೇಡೀಸ್ ಡಬ್ಬವೂ ಅದೇ ರೈಲಿನದು, ಅದೇ ಹಳಿಯ ಮೇಲೆ, ಅದೇ ವೇಗದಲ್ಲಿ ಹೋಗುತ್ತದೆ. ಅದಿಲ್ಲದಿದ್ದರೆ ಎಷ್ಟೋ ಹೆಂಗಸರಿಗೆ ಕೆಲಸಕ್ಕೇ ಹೋಗಲಾಗುತ್ತಿರಲಿಲ್ಲ.

ಸರ್ಕಾರವೂ ಆಟಗಳನ್ನು ವಿಂಗಡಿಸಿದೆ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಮೂರು ಬಗೆ: ಇ–ಸ್ಪೋರ್ಟ್ಸ್, ಆನ್‌ಲೈನ್ ಸಾಮಾಜಿಕ ಆಟ, ಹಣ ಪಣಕ್ಕಿಡುವ ಆಟ. ಕೊನೆಯದಕ್ಕೆ ನಿಷೇಧ, ಮೊದಲೆರಡಕ್ಕೆ ಪ್ರೋತ್ಸಾಹ. ಫೋರ್ತ್ ಸೀಟಿನ ಮಿಠಾಯಿಯೂ ಅತ್ತೆ–ಸೊಸೆಯರ ಲೂಡೊವೂ ಇಲ್ಲಿ ಆಟವೆಂದೇ ಗಣನೆಗೆ ಬರುತ್ತವೆ. ಸಾಧನ ಯಾವುದು, ಆಡುವವರು ಗಂಡೋ ಹೆಣ್ಣೋ ಎಂಬುದು ಆ ವಿಂಗಡಣೆಯಲ್ಲಿ ಬರುವುದಿಲ್ಲ. ನಿಯಮ ಕಲಿತು, ಸೋತು, ಸೋತದ್ದೇಕೆಂದು ಯೋಚಿಸಿ, ನಾಳೆ ಮತ್ತೆ ಅದೇ ಮಟ್ಟಕ್ಕೆ ಮರಳುವವರನ್ನು ಗೇಮರ್ ಎಂದು ಕರೆಯಲು ಬೇರೆ ಅರ್ಹತೆ ಬೇಕಿಲ್ಲ.

ಆಟ ಕಟ್ಟುವ ಕಡೆಯಿಂದಲೂ ಚಿತ್ರ ಬದಲಾಗುತ್ತಿದೆ. ಬೆಂಗಳೂರಿನ ಪೂರ್ಣಿಮಾ ಸೀತಾರಾಮನ್ 2020ರಲ್ಲಿ ‘ವುಮೆನ್ ಇನ್ ಗೇಮ್ಸ್’ ಗೌರವ ಪಟ್ಟಿಗೆ ಸೇರಿದ ಮೊದಲ ಭಾರತೀಯರಾದರು. ಅದೇ ವರ್ಷ ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ’ ಬಿಡುಗಡೆಯಾಯಿತು. ತಂಡ ಕಟ್ಟಿದವರಲ್ಲಿ ಶ್ರುತಿ ಘೋಷ್ ಒಬ್ಬರು. ಅಸುರರು ಹೊತ್ತೊಯ್ದ ತಮ್ಮ ಗೋಲುವನ್ನು ಹುಡುಕಿ ಹೊರಡುವ ದೊಂಬರಾಟದ ಹುಡುಗಿ ರಾಜಿಯೇ ಅದರ ನಾಯಕಿ. ಆಡುವವರು ಗಂಡಾಗಲಿ ಹೆಣ್ಣಾಗಲಿ, ಆ ಆಟದಲ್ಲಿ ತ್ರಿಶೂಲ ಹಿಡಿಯಬೇಕಾದ್ದು ರಾಜಿಯಾಗಿಯೇ.