ಅಕ್ಕೋರ ಬೇಸಿಗಿ ಸಾಲಿ

ಮೇ ತಿಂಗಳಲ್ಲಿ ಬೆಟಗೇರಿಯಲ್ಲಿ ಬೆಳಿಗ್ಗೆ ಹತ್ತಕ್ಕೇ ಬಿಸಿಲು ಚುರುಗುಟ್ಟುತ್ತದೆ. ಹಾಗಾಗಿ ವಿ.ಬಿ.ಎಸ್. ನಸುಕಿಗೇ ಶುರು. ಕ್ರೈಸ್ತ ಸಭೆಗಳು ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ನಡೆಸುವ ಈ ಬೈಬಲ್ ಶಾಲೆಯಲ್ಲಿ ಸಂಬಳವಿಲ್ಲದೆ ದುಡಿಯುವ ನನ್ನಂಥ ಕಾಲೇಜು ಹುಡುಗಿಯರೇ ‘ಅಕ್ಕೋರು’. ನಾನು ಬಿಂಕದಕಟ್ಟಿಯಿಂದ ಗದಗ ದಾಟಿ ಬರುವಷ್ಟರಲ್ಲಿ ಗೇಟಿನ ಬಳಿ ಗದ್ದಲವೋ ಗದ್ದಲ.

ಇಂಥ ಬೇಸಿಗೆ ಶಾಲೆಯ ಮೂಲ ನ್ಯೂಯಾರ್ಕ್ ಎನ್ನುವುದುಂಟು. 1898ರಲ್ಲಿ ಎಲೈಜಾ ಹಾಜ್ ಎಂಬಾಕೆ ಬೀದಿ ಅಲೆಯುವ ಮಕ್ಕಳಿಗಾಗಿ ಬಾಡಿಗೆಗೆ ಹಿಡಿದದ್ದು, ನಂಬಿದರೆ ನಂಬಿ, ಒಂದು ಬಿಯರ್ ಅಂಗಡಿಯನ್ನು. ನಮಗೆ ಜಾಗದ ಚಿಂತೆಯಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಕ್ರೈಸ್ತ ಪ್ರಚಾರಕ ಸಂಸ್ಥೆ ಬಾಸೆಲ್ ಮಿಶನ್‌ನವರು 1840ರ ದಶಕದಲ್ಲೇ ಬೆಟಗೇರಿಯಲ್ಲಿ ನೆಲೆಯೂರಿದ್ದರು, ಅವರ ಕಾಲದ ಜಾಗವೇ ನಮಗೆ ಸಾಕು.

ಹಾಡು, ಕಥೆ, ಬಾಯಿಪಾಠ, ಕೈಕೆಲಸ, ಕ್ರಮ ಇಷ್ಟೇ. ಬೆವರಿಳಿಸುವುದು ಚಿಕ್ಕವರ ಗುಂಪು. ಪ್ರಳಯದಲ್ಲಿ ಪ್ರಾಣಿಗಳನ್ನು ಹತ್ತಿಸಿಕೊಂಡು ಉಳಿಸಿದ ನೋಹನ ನಾವೆಗೆ ರಟ್ಟು ಕತ್ತರಿಸುವಾಗ ಒಬ್ಬ ಕೇಳಿದ: “ಅಕ್ಕೋರ, ನಿಮ್ಮೂರ ಝೂದಾಗಿನ ಹುಲಿನೂ ಇದರಾಗ ಹತ್ತಿತ್ತೇನ್ರಿ?” ಬಿಂಕದಕಟ್ಟಿ ಎಂದರೆ ಇವರಿಗೆಲ್ಲ ಪ್ರಾಣಿಸಂಗ್ರಹಾಲಯವೇ.

“ಅದರ ಮುತ್ತಜ್ಜ ಹತ್ತಿದ್ದ” ಅಂದೆ.

ಸರಿ, ಜಗಳ ಹತ್ತಿತು. ಎಲ್ಲರಿಗೂ ಹುಲಿಯೇ ಬೇಕು, ಕತ್ತೆ ಅಂಟಿಸಲು ಯಾರೂ ತಯಾರಿಲ್ಲ.

ಬೇರೆ ಧರ್ಮದ ಮನೆಗಳ ಮಕ್ಕಳೂ ಬರುತ್ತಾರೆ. ಹೇಳುವುದು ಬೈಬಲ್ ಕಥೆ ಎಂದು ಹೆತ್ತವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕೆಂಬುದು ನನ್ನ ಹಟ. “ಕಲೀಲಿ ಬಿಡ್ರಿ, ಮನ್ಯಾಗಿದ್ರ ಮೊಬೈಲ್ ಬಿಡಂಗಿಲ್ಲ” ಅಂದರು ನೇಯ್ಗೆ ಮನೆಯ ತಾಯಿಯೊಬ್ಬರು. ಕೊನೆಯ ದಿನದ ಕಾರ್ಯಕ್ರಮಕ್ಕೆ ಅವರೇ ಒಗ್ಗರಣಿ ಚುರುಮುರಿ ಕಟ್ಟಿಕೊಂಡು ಬಂದು ಮುಂದಿನ ಸಾಲು ಹಿಡಿದಿದ್ದರು.