ನಾಡಗೀತೆಯ ಎರಡೂವರೆ ನಿಮಿಷ ಮತ್ತು ಮಿಡಿ ಫೈಲಿನ ಲೆಕ್ಕ

ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಪ್ರಥಮ ಪಿಯುಸಿಯಲ್ಲಿದ್ದಾಗ ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ ಶುರುವಾದರೆ ನಾನು ಬರೀ ತುಟಿ ಆಡಿಸುತ್ತಿದ್ದೆ. ಮನೆಯಲ್ಲಿ ನಮ್ಮದು ಉರ್ದು. ಕನ್ನಡ ಓದಲು, ಬರೆಯಲು ಬರುತ್ತದೆ. ಆದರೆ ಕುವೆಂಪು ಅವರ ಉದ್ದುದ್ದ ಪದಗಳು ಸ್ಪೀಕರಿನ ವೇಗಕ್ಕೆ ನನ್ನ ನಾಲಿಗೆಗೆ ಸಿಗುತ್ತಿರಲಿಲ್ಲ. ಅಕ್ಕಪಕ್ಕ ನೋಡಿದರೆ ನನ್ನಂತೆ ತುಟಿ ಆಡಿಸುವವರು ಇನ್ನೂ ಹಲವರಿದ್ದರು.

ಈ ವರ್ಷ ಕನ್ನಡ ಮೇಡಂ, "ನವೆಂಬರ್ 1ಕ್ಕೆ ರೆಕಾರ್ಡ್ ಹಾಕುವುದು ಬೇಡ, ನೀವೇ ಹಾಡಿ" ಎಂದರು. ಹಾರ್ಮೋನಿಯಂ ನುಡಿಸುವವರು ನಮ್ಮಲ್ಲಿ ಯಾರೂ ಇಲ್ಲ. ಮೊಬೈಲಿನಲ್ಲಿರುವ ಹಾಡಿನ ಜೊತೆ ಕಲಿಯೋಣವೆಂದರೆ ಅದರ ವೇಗ ನಮಗೆ ಹೆಚ್ಚು, ಶ್ರುತಿ ನಮ್ಮ ಹುಡುಗರಿಗೆ ಎತ್ತರ. ಆಗ ಕಂಪ್ಯೂಟರ್ ಲ್ಯಾಬಿನ ಸರ್ ಲಿಲಿಪಾಂಡ್ ಎಂಬ ಉಚಿತ ತಂತ್ರಾಂಶ ತೋರಿಸಿದರು. ಸ್ವರಗಳನ್ನು ಅಕ್ಷರಗಳಲ್ಲಿ ಟೈಪ್ ಮಾಡಿಕೊಟ್ಟರೆ ಅದು ಪಾಶ್ಚಾತ್ಯ ಸ್ವರಲಿಪಿಯ ಹಾಳೆ ಮಾಡಿಕೊಡುತ್ತದೆ. ಕೇಳಿದರೆ ಮಿಡಿ ಫೈಲನ್ನೂ ಕೊಡುತ್ತದೆ. ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ.

ಮಿಡಿ ಎಂದರೇನು?

ಮಿಡಿ ಎನ್ನುವುದು ವಾದ್ಯಗಳು ಮತ್ತು ಕಂಪ್ಯೂಟರುಗಳು ಪರಸ್ಪರ ಮಾತನಾಡುವ ಭಾಷೆ. ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೊ ಕಾಕೆಹಾಶಿ ಮುಂದಾಳತ್ವದಲ್ಲಿ ಅದು 1983ರಲ್ಲಿ ಬಳಕೆಗೆ ಬಂತು. ಮಿಡಿ ಫೈಲಿನಲ್ಲಿ ಧ್ವನಿ ಇರುವುದಿಲ್ಲ, ಸೂಚನೆ ಮಾತ್ರ ಇರುತ್ತದೆ. ಕಾಮರ್ಸ್ ಗೆಳೆಯರಿಗೆ ಇದನ್ನು ಹೇಳುವುದು ಸುಲಭ: ಅದು ನಮ್ಮ ಜರ್ನಲ್ ಎಂಟ್ರಿ ಇದ್ದಂತೆ. ಯಾವ ಕ್ಷಣಕ್ಕೆ, ಯಾವ ಸ್ವರ, ಎಷ್ಟು ಬಲದಿಂದ ಎಂದು ಮೂರು ಅಂಕಣ. ಸ್ವರಗಳಿಗೆ 0ರಿಂದ 127ರವರೆಗೆ ಸಂಖ್ಯೆ, ಪಿಯಾನೋದ ನಡುವಿನ ಸಿ ಸ್ವರ 60. ಬಲಕ್ಕೂ 127ರವರೆಗೇ ಲೆಕ್ಕ. ಒಂದು ಸ್ವರವನ್ನು 'ಒತ್ತು' ಎಂದರೆ ಮುಂದೆ ಎಲ್ಲೋ 'ಬಿಡು' ಎಂದೂ ಇರಬೇಕು. ಡೆಬಿಟ್ಟಿಗೆ ಕ್ರೆಡಿಟ್ ಇದ್ದ ಹಾಗೆ! 'ಬಿಡು' ತಪ್ಪಿದರೆ ಆ ಸ್ವರ ಕೊರೆಯುತ್ತಲೇ ಇರುತ್ತದೆ.

ಬರೀ ಸೂಚನೆ ಆದ್ದರಿಂದ ಫೈಲ್ ತೀರಾ ಚಿಕ್ಕದು. ಎರಡೂವರೆ ನಿಮಿಷದ ಸಾಧಾರಣ ಎಂಪಿ3 ಸುಮಾರು 2.4 ಎಂಬಿ ಆದರೆ ನಮ್ಮ ಮಿಡಿ ಕೆಲವೇ ಕೆಬಿ. ನಮಗೆ ಬೇಕಿದ್ದ ಲಾಭ ಇನ್ನೊಂದು: ಸೂಚನೆಯನ್ನು ತಿದ್ದಬಹುದು.

ನಾನು ತಿದ್ದಿದ್ದು

ಮೊದಲ ಸಲ ಬಂದದ್ದು ಹಾಳೆ ಮಾತ್ರ, ಸದ್ದೇ ಇಲ್ಲ. 'ಮಿಡಿ' ಎಂಬ ಭಾಗವನ್ನು ನಾವೇ ಬರೆದು ಸೇರಿಸಬೇಕು. ಸೇರಿಸಿದ ಮೇಲೆ ಹಾಡು ಅರ್ಧಕ್ಕೇ ಮುಗಿಯಿತು. ಒಂದೇ ಬಗೆಯಲ್ಲಿ ಬರುವ ಸಾಲುಗಳನ್ನು ನಾನು ಒಮ್ಮೆ ಬರೆದು ಪುನರಾವರ್ತನೆಯ ಚಿಹ್ನೆ ಹಾಕಿದ್ದೆ. ಹಾಳೆಗೆ ಅಷ್ಟು ಸಾಕು, ಮಿಡಿಗೆ ಸಾಲದು. 'ಅನ್‌ಫೋಲ್ಡ್ ರಿಪೀಟ್ಸ್' ಎಂಬ ಆದೇಶ ಕೊಟ್ಟರೆ ಅದು ಎಲ್ಲ ಸಾಲುಗಳನ್ನೂ ಬಿಡಿಸಿ ನುಡಿಸುತ್ತದೆ.

ಆಮೇಲೆ ವೇಗ. 2004ರಲ್ಲಿ ನಾಡಗೀತೆಯಾದ ಈ ಹಾಡನ್ನು ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ, ಆಲಾಪನೆ ಇಲ್ಲದೆ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರ ಆದೇಶಿಸಿತು. ನಾನು ಬರೆದ ಫೈಲಿನಲ್ಲಿ 200 ಬೀಟ್ ಇದ್ದವು. ನಾವು ಹೇಳದಿದ್ದರೆ ಲಿಲಿಪಾಂಡ್ ನಿಮಿಷಕ್ಕೆ 60 ಬೀಟಿನಂತೆ ನುಡಿಸುತ್ತದೆ. ಅಂದರೆ 3 ನಿಮಿಷ 20 ಸೆಕೆಂಡ್. 150 ಸೆಕೆಂಡಿಗೆ ಬರಬೇಕಾದರೆ 200ನ್ನು ಎರಡೂವರೆಯಿಂದ ಭಾಗಿಸಬೇಕು. ಉತ್ತರ 80. ಟೆಂಪೋ 80 ಎಂದು ಬರೆದೆ, ಗಡಿಯಾರಕ್ಕೆ ಸರಿಯಾಗಿ ಮುಗಿಯಿತು.

ಭಾನುವಾರ ಬಸ್ ಹತ್ತಿ ಹುಮನಾಬಾದಿಗೆ ಹೋದೆ. ಅಲ್ಲಿ ನಮ್ಮ ಮಾಮು ಮದುವೆ ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಾರೆ. ಫೈಲ್ ಕೇಳಿ ಅವರು ಅಂದದ್ದು ಇಷ್ಟೇ: "ಸುರ್ ಹೈ, ಜಾನ್ ನೈ." ಸ್ವರ ಇದೆ, ಜೀವ ಇಲ್ಲ.

ಜೀವ ಯಾಕಿಲ್ಲ ಎಂದು ಕೂತು ನೋಡಿದೆವು. ಎಲ್ಲ ಸ್ವರಕ್ಕೂ ಒಂದೇ ಬಲ. ಎಲ್ಲಿ ಮೆಲ್ಲಗೆ, ಎಲ್ಲಿ ಜೋರಾಗಿ ಎಂಬ ಗುರುತುಗಳನ್ನು ನಾನು ಹಾಕಿರಲೇ ಇಲ್ಲ. ಮಾಮು ಹಾಡಿ ತೋರಿಸಿದರು, ನಾನು ಗುರುತು ಹಾಕಿದೆ. ಹಿಮ್ಮೇಳ ಹಾಡನ್ನೇ ಮುಚ್ಚುತ್ತಿತ್ತು. ಅದರ ಗರಿಷ್ಠ ಬಲವನ್ನು 0.5ಕ್ಕೆ ಇಳಿಸಿದೆ. ಪಿಯಾನೋ ಬದಲು ಬೇರೆ ವಾದ್ಯ ಆರಿಸಿದೆ. ಮಿಡಿಯಲ್ಲಿ 128 ವಾದ್ಯಗಳ ಒಂದು ಪಟ್ಟಿ ಇದೆ, 1991ರಿಂದ ಎಲ್ಲರಿಗೂ ಅದೇ. ಅದರಲ್ಲಿ ಹಾರ್ಮೋನಿಯಂ ಹೆಸರಿಲ್ಲ. 21ನೆಯ ರೀಡ್ ಆರ್ಗನ್ ಅದಕ್ಕೆ ಹತ್ತಿರ. ಸಿತಾರ್, ಶಹನಾಯಿ ಇವೆ, ತಬಲಾ ಇಲ್ಲ. ಹಾಗಾಗಿ ತಾಳಕ್ಕೆ ನಾವು ಚಪ್ಪಾಳೆಯನ್ನೇ ನಂಬಿದೆವು. ಒಂದು ಎಚ್ಚರ: ವಾದ್ಯದ ದನಿ ಕೊಡುವುದು ಫೈಲಲ್ಲ, ಅದನ್ನು ನುಡಿಸುವ ಯಂತ್ರ. ಮಾಮುವಿನ ಕೀಬೋರ್ಡಿನಲ್ಲಿ ಚೆನ್ನಾಗಿ ಕೇಳಿದ್ದು ನನ್ನ ಮೊಬೈಲಿನಲ್ಲಿ ಪೀಪಿಯಂತೆ ಕೇಳಿತು. ಮೈದಾನದ ಸ್ಪೀಕರಿಗೆ ಹಾಕುವ ಮೊದಲು ಎಂಪಿ3 ಮಾಡಿಕೊಳ್ಳುವುದು ಒಳ್ಳೆಯದು.

ಎಲ್ಲಿ ಆಗಲಿಲ್ಲ

ಮಾಮು ದತ್ತ ಜಯಂತಿಯ ಹೊತ್ತಿಗೆ ಪಕ್ಕದ ಮಾಣಿಕನಗರಕ್ಕೆ ಗಾಯನ ಕೇಳಲು ಹೋಗುವವರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಬೇಕು ಎಂದು ಹಟ ಹಿಡಿದರು. ಲಿಲಿಪಾಂಡಿನಲ್ಲಿ ಜಾರುವ ಗೆರೆ ಎಳೆಯಬಹುದು. ಆದರೆ ಅದು ಹಾಳೆಯ ಮೇಲೆ ಕಾಣುತ್ತದೆಯೇ ಹೊರತು ಮಿಡಿಯಲ್ಲಿ ಕೇಳಿಸುವುದಿಲ್ಲ. ಕೊನೆಗೆ ಮಾಮುವೇ, "ಹೋಗಲಿ ಬಿಡು, ಅದನ್ನ ಹುಡುಗರ ಗಂಟಲಿಗೆ ಬಿಡು" ಎಂದರು.

ಅವರ ಮಾತು ಸರಿ ಅನಿಸಿತು. ಫೈಲ್ ನಮ್ಮ ಬದಲು ಹಾಡುವುದಿಲ್ಲ, ನಮಗಾಗಿ ಕಾಯುತ್ತದೆ. ಮೊದಲ ವಾರ ಟೆಂಪೋ 60ರಲ್ಲಿ ಕಲಿತೆವು. ಪ್ರತಿ ಪದವನ್ನೂ ಮೇಡಂ ಬಿಡಿಸಿ ಹೇಳಿಕೊಟ್ಟರು. ಎರಡನೇ ವಾರ 70. ಈಗ 80. ವೇಗ ಬದಲಿಸಿದರೂ ಶ್ರುತಿ ಬದಲಾಗಲಿಲ್ಲ. ಹುಡುಗರಿಗೆ ಎತ್ತರವಾದಾಗ 'ಟ್ರಾನ್ಸ್‌ಪೋಸ್' ಎಂಬ ಒಂದೇ ಆದೇಶದಿಂದ ಇಡೀ ಹಾಡನ್ನು ಕೆಳಗಿಳಿಸಿದೆ.

ಮೂರು ಫೈಲುಗಳೂ ಲ್ಯಾಬಿನ ನಾಲ್ಕನೇ ಕಂಪ್ಯೂಟರಿನಲ್ಲಿವೆ. ಊಟದ ಬಿಡುವಿನಲ್ಲಿ ಬನ್ನಿ. ಇನ್ನೂ ತುಟಿ ಮಾತ್ರ ಆಡಿಸುವವರು ಇದ್ದರೆ ಅವರೇ ಮೊದಲು ಬನ್ನಿ, 60ರಿಂದಲೇ ಶುರು ಮಾಡೋಣ.